ಅಡಿಗೆಯವಳ ಮಗ ಧೂಳಪ್ಪ

ಬರೆಯುವ ಕೈ ಯಾವುದೆಂದು ಮೊದಲು ನೋಡಿಕೋ, ಆಮೇಲೆ ಮುರಿ ಎಂದು ಹಣಮಂತ್ರಾಯಗೌಡ ಹೇಳಿ ಕಳಿಸಿದ್ದ.

ಧೂಳಪ್ಪನಿಗೆ ಇಂಥ ಕೆಲಸ ಹೊಸದಲ್ಲ. ಕರಿಮಡ್ಡಿಯ ಗೌಡರ ವಾಡೆಯ ಹಾಲು ಕುಡಿದು, ವಾಡೆಯ ಹಿಂದಿನ ಗರಡಿಯ ಕೆಮ್ಮಣ್ಣಿನಲ್ಲಿ ಹೊರಳಿ ಬೆಳೆದ ಮೈ ಅವನದು. ಗೌಡ ಯಾರತ್ತ ಬೆರಳು ತೋರಿಸಿದರೂ ಆ ಮನೆಯಲ್ಲಿ ಆ ವಾರ ಗಾಯಕ್ಕೆ ಅರಿಶಿನ ಕಾಸಬೇಕಾಗುತ್ತಿತ್ತು. ಸಿಂದಗಿ ಸಂತೆಯಲ್ಲಿ ಎದುರು ಮಾತಾಡಿದ ದಲಾಲಿಯ ಹಲ್ಲು ಉದುರಿದ್ದು, ಡೋಣಿ ಹೊಳೆಯ ದಂಡೆಯ ಹೊಲ ಬಿಡುವುದಿಲ್ಲವೆಂದು ಹಟ ಹಿಡಿದ ಪಾಲಿನ ರೈತನ ಮೊಣಕಾಲು ಒಡೆದದ್ದು, ಎಲ್ಲ ಅವನ ಕೈಕೆಲಸವೇ. ಹೊಡೆದು ಬಂದ ದಿನ ಅವನು ಎಂದಿಗಿಂತ ಎರಡು ರೊಟ್ಟಿ ಹೆಚ್ಚೇ ಉಣ್ಣುತ್ತಿದ್ದ.

ಈ ಸಲ ಗೌಡನ ಬೆರಳು ತಿರುಗಿದ್ದು ಅಬ್ದುಲರಜಾಕ ಮಾಸ್ತರನತ್ತ. ತಂಗಡಗಿ ಕಡೆಯ ಮನುಷ್ಯ, ಒಣಕಲು ಮೈ, ದಪ್ಪ ಕನ್ನಡಕ. ಹಗಲೆಲ್ಲ ಮಕ್ಕಳಿಗೆ ಕಲಿಸಿದ್ದು ಸಾಲದೆಂಬಂತೆ, ದೀಪ ಹಚ್ಚುವ ಹೊತ್ತಿಗೆ ಚಾಂದಸಾಬನ ಹತ್ತಿ ತುಂಬುವ ಷೆಡ್ಡಿನಲ್ಲಿ ದೊಡ್ಡವರಿಗೂ ಅಕ್ಷರ ಹೇಳಿಕೊಡಲು ಶುರು ಮಾಡಿದ್ದ. ಎಪ್ಪತ್ಮೂರರ ಚಳಿಗಾಲ ಅದು. ಉಳುವವನೇ ಹೊಲದೊಡೆಯನಾಗುತ್ತಾನೆ, ಅಂಥ ಕಾಯದೆ ಬರುತ್ತದೆ ಎಂಬ ಸುದ್ದಿ ಬಸವನ ಬಾಗೇವಾಡಿಯ ಕಚೇರಿ ಕಟ್ಟೆಯಿಂದ ಹಳ್ಳಿಹಳ್ಳಿಗೂ ಹರಿದಾಡುತ್ತಿತ್ತು. ಗೌಡ ಒಂದು ದಿನ ಪಾಲಿನ ರೈತರನ್ನೆಲ್ಲ ಕರೆಸಿ ಹೆಬ್ಬೆಟ್ಟು ಒತ್ತಿರೆಂದಾಗ, ಷೆಡ್ಡಿನಲ್ಲಿ ಅಕ್ಷರ ಕಲಿಯುತ್ತಿದ್ದ ಸಿದ್ದರಾಯ ಎಂಬವನು ಕಾಗದವನ್ನು ಬೆಳಕಿಗೆ ಹಿಡಿದು, “ಇದರಾಗ ಏನ್ ಬರದೈತ್ರಿ ಗೌಡ್ರ?” ಎಂದು ಕೇಳಿಬಿಟ್ಟ. ಅಂಥ ಮಾತು ಆ ವಾಡೆಯ ಕಂಬಗಳು ಎಂದೂ ಕೇಳಿರಲಿಲ್ಲ. ಅವತ್ತೇ ಧೂಳಪ್ಪನಿಗೆ ಕರೆ ಬಂತು.

ಅವನು ಕೊಡಲಿಯ ಕಾವು ಹಿಡಿದು ಷೆಡ್ಡಿನ ಬಾಗಿಲಿಗೆ ಬಂದಾಗ ಮಾಸ್ತರ ಓದಿ ಹೇಳುತ್ತಿದ್ದ. ಬಿಜಾಪುರದ ಬಸ್ ನಿಲ್ದಾಣದ ಹತ್ತಿರ ಆಗೀಗ ಬಂದು ನಿಲ್ಲುವ ಪುಸ್ತಕದ ಗಾಡಿಯಲ್ಲಿ ರಷ್ಯಾದ ಪುಸ್ತಕಗಳು ಕನ್ನಡದಲ್ಲೇ ಅಗ್ಗಕ್ಕೆ ಸಿಗುತ್ತಿದ್ದವು. ಮಾಸ್ತರನಿಗೆ ಅವುಗಳ ಹುಚ್ಚು. ಕಂದೀಲಿನ ಮುಂದೆ ಕೆಂಪು ರಟ್ಟಿನ ಪುಸ್ತಕ ಹಿಡಿದು ಹೇಳುತ್ತಿದ್ದ:

“ಝಾರ ಅಂತ ಅಲ್ಲಿ ರಾಜಾ. ಅವನ ಮಂತ್ರಿ ಒಂದು ಹುಕುಂ ಹೊಂಡಿಸಿದ. ಗಾಡಿ ಹೊಡಿಯವ್ರ ಮಕ್ಕಳು, ಅರಬಿ ಒಗಿಯವ್ರ ಮಕ್ಕಳು, ಅಡಗಿ ಮಾಡವ್ರ ಮಕ್ಕಳು ದೊಡ್ಡ ಸಾಲಿಗಿ ಬರಬಾರದು. ಯಾಕ ಗೊತ್ತೈತೇನು? ಕಲಿತ್ರ ಅವ್ವ-ಅಪ್ಪನ ಬಾಳೇವು ನೋಡಿ ಅವಕ್ಕ ಬ್ಯಾಸರಾ ಬರತೈತಂತ. ಹುಟ್ಟಿದ ಜಾಗಾ ಬಿಟ್ಟು ಮ್ಯಾಲ ಏಳಾಕ ನೋಡ್ತಾವಂತ.”

ಅಡಿಗೆ ಮಾಡುವವರ ಮಕ್ಕಳು. ಧೂಳಪ್ಪ ಹೊಸ್ತಿಲಲ್ಲೇ ನಿಂತ. ಅವನ ತಾಯಿ ಹುಚ್ಚವ್ವ ಹರೆಯದಲ್ಲಿ ವಾಡೆಯ ಅಡಿಗೆಮನೆ ಹೊಕ್ಕವಳು, ಈಗಲೂ ಅಲ್ಲೇ ಒಲೆ ಊದುತ್ತಿದ್ದಳು. ಧೂಳಪ್ಪ ಸಣ್ಣವನಿದ್ದಾಗ ಒಂದು ಸಲ ಹಣಮಂತ್ರಾಯಗೌಡನ ಮಗನ ಹಿಂದೆ ಹಿಂದೆ ಸಾಲೆಗೆ ಹೋಗಿ ಅವನ ಪಕ್ಕದಲ್ಲೇ ಕೂತುಬಿಟ್ಟಿದ್ದ. ಅಂದು ಮಧ್ಯಾಹ್ನ ಈ ಗೌಡನ ಅಪ್ಪ, ಮುದಿಗೌಡ, ಅವನನ್ನು ಅಂಗಳದ ಕಂಬಕ್ಕೆ ಕಟ್ಟಿಸಿ ಬಾರುಕೋಲಿನಿಂದ ಬೆನ್ನಿನ ಚರ್ಮ ಸುಲಿಸಿದ್ದ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಏಟು ಮುಗಿಯುವತನಕ ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ. ಬೆನ್ನು ಮಾಗಿದ ಮೇಲೆ ಅವನಿಗೆ ಹಾಲು ಕೊಟ್ಟು ಗರಡಿಗೆ ಕಳಿಸಿದರು. ಅದಾದ ಮೇಲೆ ಸಾಲೆಯ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಈಗ ಈ ಕನ್ನಡಕದ ಮನುಷ್ಯ ಅದನ್ನೇ ಎಲ್ಲರೆದುರು ಬಿಚ್ಚಿ ಹೇಳುತ್ತಿದ್ದಾನೆ ಅನ್ನಿಸಿ ಅವನಿಗೆ ಕಣ್ಣಲ್ಲಿ ರಕ್ತ ಇಳಿಯಿತು. ಒಳಗೆ ನುಗ್ಗಿದ.

“ಯಾವ ಕೈಲೆ ಬರೀತಿ?”

ಮಾಸ್ತರ ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿದ. ಅಡಗಿಸಿದ್ದೇ ಉತ್ತರವಾಯಿತು. ಧೂಳಪ್ಪ ಆ ಕೈಯನ್ನು ಹೊರಗೆಳೆದು, ಹತ್ತಿಯ ತೂಕದ ಕಲ್ಲಿನ ಮೇಲೆ ಒತ್ತಿ ಹಿಡಿದು, ಕಾವು ಎತ್ತಿ ಹೊಡೆದ. ಗೌಡ ಹೇಳಿದ್ದು ಒಂದು ಏಟಿಗೆ. ಅವನು ಎಣಿಸಲಿಲ್ಲ. ಹಸಿ ಜೋಳದ ದಂಟು ಮುರಿದ ಹಾಗೆ ಎಲುಬು ಸದ್ದು ಮಾಡಿತು. ಮಾಸ್ತರ ಕೂಗಿದ ಕೂಗಿಗೆ ಹೊರಗೆ ಕಟ್ಟಿದ ಎತ್ತುಗಳು ಹಗ್ಗ ಜಗ್ಗಿದವು. ಸಿದ್ದರಾಯ ಅಡ್ಡ ಬಂದವನು ಹೊಟ್ಟೆಗೆ ಒದೆ ತಿಂದು ಹತ್ತಿಯ ಅಂಡಿಗೆಗಳ ಮೇಲೆ ಬಿದ್ದ. ಉಳಿದವರು ಗೋಡೆಗೆ ಅಂಟಿದರು.

ಅವತ್ತು ಧೂಳಪ್ಪ ತಾಟಿನ ಮುಂದೆ ಕೂತು ಒಂದು ತುತ್ತನ್ನೂ ನುಂಗಲಾರದೆ ಎದ್ದ.

ಮಾಸ್ತರನನ್ನು ಚಕ್ಕಡಿಯಲ್ಲಿ ಬಾಗೇವಾಡಿಗೆ, ಅಲ್ಲಿಂದ ಬಸ್ಸಿನಲ್ಲಿ ಬಿಜಾಪುರದ ದವಾಖಾನೆಗೆ ಒಯ್ದರು. ಜೋಳದ ರಾಶಿ ಮುಗಿಯುವ ಹೊತ್ತಿಗೆ ತಿರುಗಿ ಬಂದ. ಬಲಗೈಯ ಮೂರು ಬೆರಳು ಮಡಚುತ್ತಿರಲಿಲ್ಲ. ಫಿರ್ಯಾದಿ ಕೊಡಲಿಲ್ಲ, ಕೊಟ್ಟರೆ ಬರೆದುಕೊಳ್ಳಬೇಕಾದ ಫೌಜದಾರ ವಾಡೆಯ ಪಂಕ್ತಿಯಲ್ಲೇ ಊಟಕ್ಕೆ ಕೂಡುತ್ತಿದ್ದ. ಬಂದ ದಿನವೇ ಮಾಸ್ತರ ಷೆಡ್ಡಿನಲ್ಲಿ ಕಂದೀಲು ಹಚ್ಚಿದ. ಎಡಗೈಯಲ್ಲಿ ಸುಣ್ಣದ ಖಡು ಹಿಡಿದು, ಕೋಳಿ ಕೆದರಿದಂಥ ಅಕ್ಷರದಲ್ಲಿ, ಹಲಗೆಯ ಮೇಲೆ ‘ಅ’ ಬರೆದ.

ಅದರ ಮರುದಿನ ಧೂಳಪ್ಪ ಬಾಗಿಲಲ್ಲಿ ಕಾಣಿಸಿಕೊಂಡ. ಕೈ ಖಾಲಿ. ಆದರೂ ಕೂತವರೆಲ್ಲ ದಡಬಡಿಸಿ ಎದ್ದರು. ಸಿದ್ದರಾಯ ತೂಕದ ಕಲ್ಲನ್ನೇ ಎತ್ತಿಕೊಂಡ.

“ಹೊಡಿಯಾಕ ಬಂದಿಲ್ಲ,” ಎಂದ ಧೂಳಪ್ಪ. ಅವನ ದನಿ ಅವನಿಗೇ ಪರಕೀಯವಾಗಿತ್ತು. “ಮಾಸ್ತರ, ಆ ಝಾರನ ಹುಕುಂ ಖರೇನ ಐತೇನ್ರಿ?”

“ಖರೇ.”

“ಮುಂದ ಏನಾತು?”

ಮಾಸ್ತರ ಎಡಗೈಯಿಂದ ಎದುರಿನ ನೆಲ ತೋರಿಸಿದ. “ಕೇಳೂದಿದ್ರ ಕುಂಡ್ರಬೇಕು,” ಎಂದ. “ನಿಂತವ್ರಿಗೆ ನಾ ಹೇಳಂಗಿಲ್ಲ.”

ಧೂಳಪ್ಪ ಕೂತ. ಅವನ ಸುತ್ತ ಒಂದು ಎತ್ತಿನ ಜಾಗದಷ್ಟು ನೆಲ ಖಾಲಿ ಬಿಟ್ಟು ಉಳಿದವರೂ ಕೂತರು.

ಮಾಸ್ತರ ಹೇಳಿದ. ಝಾರನನ್ನು ಕೆಳಗಿಳಿಸಿದರು. ಹೊಸ ಸರಕಾರ, ಎಂಟು ವರ್ಷದ ಕೂಸಿನಿಂದ ಐವತ್ತು ವರ್ಷದವರತನಕ ಎಲ್ಲರೂ ಓದು ಕಲಿಯಲೇಬೇಕು, ತಮ್ಮ ತಮ್ಮ ಮಾತಿನಲ್ಲೇ ಕಲಿಯಬಹುದು ಎಂದು ಕಾಯದೆ ಮಾಡಿತು. ಹೊಟ್ಟೆಗಿಲ್ಲದ ಕಾಲ, ಕಾಗದವಿಲ್ಲ, ದೀಪಕ್ಕೆ ಎಣ್ಣೆಯಿಲ್ಲ. ಆದರೂ ದಂಡಿನವರು, ಗಿರಣಿಯವರು, ಹೆಂಗಸರು ಕೂತು ಕಲಿತರು. ಕಲಿಸಲು ಹಳ್ಳಿಗೆ ಹೋದ ಎಷ್ಟೋ ಮಾಸ್ತರರನ್ನು ಊರ ಧನಿಗಳು ಕೊಂದರು. ಅಲ್ಲಿನ ಮುಸಲ್ಮಾನ ಸೀಮೆಯಲ್ಲಿ ಬುರಖಾ ತೆಗೆದು ಸಾಲೆಗೆ ಬಂದ ಹೆಂಗಸರನ್ನು ಅವರ ಮನೆಯವರೇ ಕಡಿದರು.

“ಅಂದ್ರ ನಿಮ್ದು ಕೈಯಷ್ಟ ಹೋತು,” ಎಂದ ಧೂಳಪ್ಪ.

ಯಾರೂ ನಗಲಿಲ್ಲ. ಮಾಸ್ತರ ಮಾತ್ರ ತುಟಿ ಓರೆ ಮಾಡಿ, “ಹೌದಪಾ, ನಿನ್ನ ದಯಾ,” ಎಂದ.

ಹೀಗೆ ಧೂಳಪ್ಪ ಕಲಿಯತೊಡಗಿದ. ಅವನ ಬೆರಳಲ್ಲಿ ಖಡು ತಟ್ಟನೆ ಮುರಿಯುತ್ತಿತ್ತು, ಪಾಟಿಯೊಂದು ಒಡೆದೇ ಹೋಯಿತು. ಒಂದು ಸಂಜೆ ಅವನು ಬರೆದ ‘ಮ’ ನೋಡಿ ಸಿದ್ದರಾಯ ನಕ್ಕ. ಧೂಳಪ್ಪ ಕೂತಲ್ಲಿಂದಲೇ ಬೀಸಿದ ಹೊಡೆತಕ್ಕೆ ಸಿದ್ದರಾಯನ ಮೂಗಿನಿಂದ ರಕ್ತ ಚಿಮ್ಮಿತು. ಮಾಸ್ತರ ಎದ್ದು ಬಾಗಿಲು ತೋರಿಸಿದ.

“ಸಾಲ್ಯಾಗ ಯಾರೂ ಯಾರಿಗೂ ಹೊಡಿಬಾರದು ಅಂತ ಆ ರಷ್ಯಾದವ್ರು ಕಾಯದೆ ಮಾಡಿದ್ರು. ಅದನ್ನ ಓದಿದ ದಿನ ನಾನೂ ಛಡಿ ಒಲಿಗಿ ಹಾಕೇನಿ. ನೀ ಹೊರಗ ನಡಿ.”

ಅಷ್ಟು ದೊಡ್ಡ ದೇಹ ತೆಪ್ಪಗೆ ಹೊರಗೆ ಹೋಯಿತು. ಆ ವಾರವೆಲ್ಲ ಅವನು ಕಿಡಕಿಯಾಚೆ ನಿಂತು, ಸರಳು ಹಿಡಿದು ಪಾಠ ಕೇಳಿದ. ಸಿದ್ದರಾಯನೇ ಕೊನೆಗೆ, “ಒಳಗ ಬಾರಲೇ, ನಿಂತ ನಿಂತ ಸಾಯ್ತಿ,” ಎಂದು ಕರೆದ. ಅಲ್ಲಿಂದ ಇಬ್ಬರೂ ಒಂದೇ ಚೀಲದ ಮೇಲೆ ಕೂಡತೊಡಗಿದರು.

ಗೌಡನಿಗೆ ಇದು ತಿಳಿಯದೆ ಇರುತ್ತದೆಯೇ? ಸಾಕಿದ ನಾಯಿ ಪರರ ಬಾಗಿಲು ಕಾಯುತ್ತಿದೆ ಎಂದು ಮಂದಿ ಆಡಿಕೊಂಡದ್ದು ಅವನ ಕಿವಿಗೆ ಬಿತ್ತು. ಒಂದು ಸಂಜೆ ಅಡಿಗೆಮನೆಗೆ ಬಂದು ಹುಚ್ಚವ್ವನ ಮುಂದೆ ನಿಂತ. “ನಿನ್ನ ಮಗಗ ಹೇಳು, ನಾಳಿಂದ ಆ ಷೆಡ್ಡಿಗಿ ಹೋದ್ರ ಕಾಲ ತಗಸ್ತೇನಿ.”

ಹುಚ್ಚವ್ವ ರೊಟ್ಟಿಯ ಹಿಟ್ಟಿನಿಂದ ಕೈ ತೆಗೆದಳು. ಆ ಮನೆಯಲ್ಲಿ ಗೌಡರಿಗೆ ಎದುರಾಡಿದ್ದು ಅವಳು ಅದೇ ಮೊದಲು. “ಕಲೀಲಿ ಬಿಡ್ರಿ. ಅವತ್ತು ನಾ ಸುಮ್ಮ ಕುಂತೆ, ಇವತ್ತು ಕುಂಡ್ರಂಗಿಲ್ಲ.”

ಗೌಡ ಒದ್ದ. ಮುದುಕಿ ಹಿಂದಕ್ಕೆ ಬಿದ್ದಳು. ತಲೆ ಒಲೆಯ ಕಲ್ಲಿಗೆ ಅಪ್ಪಳಿಸಿತು. ಎದ್ದು ಬರಲಾರದೆ ಕೆಂಡದಲ್ಲಿ ಹೊರಳಿದಳು. ಗೌಡ ಮತ್ತೆ ಒದ್ದ. ಸದ್ದು ಕೇಳಿ ಓಡಿ ಬಂದು ಅವಳನ್ನು ಎಳೆದವಳು ರೇವವ್ವ, ಗೌಡನ ಸೊಸೆ. ಗಂಡ ಸತ್ತ ಮೇಲೆ ವಾಡೆಯ ಒಳಕೋಣೆ ಬಿಟ್ಟು ಹೊರಗೆ ಬರದವಳು ಅವಳು. ಅವಳ ಗಂಡನ ಪಕ್ಕದಲ್ಲೇ ಧೂಳಪ್ಪ ಹಿಂದೊಮ್ಮೆ ಸಾಲೆಯಲ್ಲಿ ಕೂತದ್ದು. ರೇವವ್ವ ಮುದುಕಿಯ ಬಾಯಿಗೆ ನೀರು ಹಾಕಿದಳು. ನೀರು ಹೊರಗೇ ಹರಿಯಿತು. ಅವಳು ತಲೆಯ ಮೇಲಿನ ಸೆರಗನ್ನೂ ಮರೆತು ಓಣಿಗುಂಟ ಓಡಿ ಷೆಡ್ಡಿಗೆ ಬಂದು ಎಲ್ಲರೆದುರು ಕೂಗಿದಳು: “ಧೂಳಪ್ಪ, ನಿಮ್ಮವ್ವನ್ನ ಕೊಂದ್ರೋ! ನಮ್ಮ ಮಾವ ಕೊಂದ!”

ಧೂಳಪ್ಪ ಯಾರ ಮನೆಯ ಕೊಡಲಿ ಎತ್ತಿಕೊಂಡನೋ ಅವನಿಗೆ ತಿಳಿಯದು. ವಾಡೆಯ ಬಾಗಿಲಲ್ಲಿ ಇಬ್ಬರು ಆಳುಗಳು ಅಡ್ಡ ಬಂದರು. ಇಬ್ಬರಿಗೂ ಗರಡಿಯ ಪಟ್ಟು ಕಲಿಸಿದವನು ಅವನೇ. ಒಬ್ಬನ ಕೈ ಭುಜದಿಂದ ಕಳಚಿ ಜೋತಿತು, ಇನ್ನೊಬ್ಬ ಗೋದಲಿಗೆ ಬಡಿದು ಬಿದ್ದ. ಗೌಡ ಪಡಸಾಲೆಯಿಂದ ಬಂದೂಕು ಹಾರಿಸಿದ. ಛರ್ರೆಗಳು ಧೂಳಪ್ಪನ ಎಡಗಿವಿಯನ್ನೂ ಕೆನ್ನೆಯ ಮಾಂಸವನ್ನೂ ಹಾರಿಸಿಕೊಂಡು ಹೋದವು. ಅವನು ನಿಲ್ಲಲಿಲ್ಲ. ಎರಡನೆಯ ಗುಂಡಿಗೆ ಮೊದಲೇ ಕೊಡಲಿ ಗೌಡನ ಹೆಗಲಿಗೆ ಇಳಿಯಿತು. ಮತ್ತೆ ಎತ್ತಿದ. ಹಿಂದಿನಿಂದ ಸಿದ್ದರಾಯ ಮತ್ತು ಚಾಂದಸಾಬ ಬಂದು ಅವನ ಮೇಲೆ ಬಿದ್ದು ನೆಲಕ್ಕೆ ಒತ್ತಿ ಹಿಡಿದರು. “ಸಾಕೋ, ಸಾಕು! ನೇಣಿಗೆ ಹೋಗ್ತಿ!” ಎಂದು ಸಿದ್ದರಾಯ ಅಳುತ್ತಿದ್ದ. ಒಳಗೆ ಒಲೆಯ ಮೇಲಿನ ರೊಟ್ಟಿ ಹೊತ್ತಿ ಕರಕಾದ ವಾಸನೆ ವಾಡೆಯ ತುಂಬ ಹರಡಿತ್ತು.

ಗೌಡನನ್ನು ಜೀಪಿನಲ್ಲಿ ಸೊಲ್ಲಾಪುರಕ್ಕೆ ಒಯ್ದರು. ಬದುಕಿದ, ಆದರೆ ಊರಿಗೆ ತಿರುಗಿ ಬರಲಿಲ್ಲ. ಮುದುಕಿಯ ಹೆಣ ಕೇಳುವ ಪ್ರಶ್ನೆಗೆ ಅಂಜಿ ಅವನು ಫಿರ್ಯಾದಿ ಕೊಡಲಿಲ್ಲ, ಕೊಡಲಿಯ ಏಟು ಧೂಳಪ್ಪನನ್ನು ಜೇಲಿಗೆ ಒಯ್ದೀತೆಂದು ಅಂಜಿ ಇವರೂ ಕೊಡಲಿಲ್ಲ. ಅಷ್ಟರಲ್ಲಿ ಕಾಯದೆ ಬಂತು. ಡೋಣಿ ದಂಡೆಯ ಹೊಲಗಳು ಒಂದೊಂದಾಗಿ ಉಳುವವರ ಹೆಸರಿಗೆ ಆದವು. ಆ ವರ್ಷ ಡೋಣಿಯೂ ದಂಡೆ ಮೀರಿ ಹರಿದು ಜೋಳ ಆಳೆತ್ತರ ಬೆಳೆಯಿತು. ರೈತರು ಷೆಡ್ಡಿನ ಪಕ್ಕದಲ್ಲೇ ಕಲ್ಲಿನ ಖೋಲಿ ಕಟ್ಟಿ ಸಾಲೆ ಮಾಡಿದರು. ಧೂಳಪ್ಪ ಸಂಜೆಯಾಗುತ್ತಲೇ ಬಡಿಗೆ ಹಿಡಿದು ಅದರ ಹೊಸ್ತಿಲಲ್ಲಿ ಕೂಡುತ್ತಿದ್ದ. ಹರಿದ ಕೆನ್ನೆಯ, ಒಂದೇ ಕಿವಿಯ ಆ ಮುಖ ನೋಡಿಯೇ ಗೌಡನ ಕಡೆಯವರು ಅತ್ತ ಸುಳಿಯುತ್ತಿರಲಿಲ್ಲ.

ಎಪ್ಪತ್ತಾರರ ದೀಪಾವಳಿ ಕಳೆದ ಮೇಲೆ ಒಂದು ಸಂಜೆ ರೇವವ್ವ ಪಾಟಿ ಹಿಡಿದು ಬಂದಳು. ಮಾವನ ಮನೆಯವರು ಅವಳನ್ನು ಎಂದೋ ಬಿಟ್ಟಿದ್ದರು. ಖಾಲಿ ವಾಡೆಯಲ್ಲಿ ಒಬ್ಬಳೇ ಎರಡು ಆಡು ಕಟ್ಟಿಕೊಂಡು ಇದ್ದಳು.

“ಎಲ್ಲಿಗಿ?” ಎಂದ ಧೂಳಪ್ಪ.

“ಕಲ್ಯಾಕ.”

ಒಳಗಿನಿಂದ ಸಿದ್ದರಾಯ ಎದ್ದು ಬಂದ. “ವಾಡೇದವ್ರಿಗೆ ಇಲ್ಲಿ ಜಾಗಾ ಇಲ್ಲ. ನಾವು ರಕ್ತ ಸುರಿಸಿ ಕಟ್ಟಿದ ಸಾಲಿ ಇದು.” ಹಿಂದೆ ಹತ್ತು ದನಿ ಹೌದೆಂದವು.

ಧೂಳಪ್ಪ ಬಡಿಗೆಯನ್ನು ಬಾಗಿಲಿಗೆ ಅಡ್ಡ ಹಿಡಿದ. ಅವ್ವ ಸತ್ತಾಗಿನಿಂದ ಅವನು ಈ ಹೆಂಗಸಿನ ಮುಖ ನೋಡಿರಲಿಲ್ಲ. ನೋಡಿದರೆ ಆ ಅಡಿಗೆಮನೆ, ಆ ಕೆಂಡ ಕಣ್ಣಿಗೆ ಬರುತ್ತಿದ್ದವು. ಅವಳು ಬಡಿಗೆಯ ಕೆಳಗೆ ಬಗ್ಗಿ ಒಳಗೆ ಬರಲು ನೋಡಿದಳು. ಅವನು ತಳ್ಳಿದ. ಅವನ ತಳ್ಳುವಿಕೆಯೆಂದರೆ ಹೋರಿಯ ಹಾಯುವಿಕೆ. ಅವಳು ಮೆಟ್ಟಿಲ ಕಲ್ಲಿನ ಮೇಲೆ ಹಾರಿ ಬಿದ್ದಳು. ಪಾಟಿ ಚೂರಾಯಿತು, ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ಅವಳು ಅದನ್ನು ಒರೆಸಿಕೊಳ್ಳದೆ ಕೈಯನ್ನು ಅವನತ್ತ ಚಾಚಿದಳು.

“ನಿಮ್ಮವ್ವಗ ನೀರ ಹಾಕಿದ ಕೈ ಇದು. ಇದನ್ನೂ ಮುರಿ.”

ಬಡಿಗೆ ಧೂಳಪ್ಪನ ಕೈಯಿಂದ ಜಾರಿತು. ಮಾಸ್ತರ ಕಂದೀಲು ಹಿಡಿದು ಹೊರಗೆ ಬಂದ, ರೇವವ್ವನ ಪಕ್ಕ ಮೆಟ್ಟಿಲ ಮೇಲೆಯೇ ಕೂತುಬಿಟ್ಟ.

“ಇವತ್ತು ಪಾಠ ಇಲ್ಲೇ,” ಎಂದ. “ಆ ದೇಶದ್ದು ಇನ್ನೊಂದು ಮಾತು ಉಳದೈತಿ. ಅಡಗಿಯವ್ರ ಮಕ್ಕಳಿಗೆ ಬಾಗಲಾ ತಗದ್ರಲ್ಲ, ತಗದವ್ರ ಮತ್ತೊಬ್ಬರಿಗೆ ಹಾಕಿದ್ರು. ಪಾದ್ರಿ ಮಗ ಬ್ಯಾಡ, ಜಮೀನದಾರನ ಮಗಳು ಬ್ಯಾಡ, ಸಾವಕಾರನ ಮಗ ಬ್ಯಾಡ. ಕಾಲೇಜಿನ್ಯಾಗಿಂದ ಕಿವಿ ಹಿಡದು ಹೊರಗ ಹಾಕಿದ್ರು. ಸಾಲಿ ಸಿಗ್ಲಿ ಅಂತ ಮಕ್ಕಳು, ಇವ ನಮ್ಮಪ್ಪ ಅಲ್ಲ ಅಂತ ಪೇಪರದಾಗ ಹಾಕಿಸಿದ್ರು. ಹುಕುಂ ಅದ. ಹೆಸರಷ್ಟ ಬ್ಯಾರೆ. ಅದು ತಪ್ಪು ಅಂತ ತಿಳದು ತಗಿಯೂದ್ರಾಗ ಒಂದು ತಲಿಮಾರು ಹೋತು.”

“ಇದನ್ನ ಮೊದಲ ಯಾಕ ಹೇಳಲಿಲ್ಲ?” ಎಂದ ಧೂಳಪ್ಪ.

“ಆ ಕೆಂಪು ಪುಸ್ತಕದಾಗ ಇದು ಇರಲಿಲ್ಲ. ಬ್ಯಾರೆ ಕಡೆ ಓದಿದೆ. ಓದಿದ ಮ್ಯಾಲೂ ಹೇಳಾಕ ಮನಸ ಬರಲಿಲ್ಲ. ಚಂದಂದಷ್ಟ ಹೇಳಿದ್ರ ನೀವು ಬರ್ತೀರಿ ಅಂತ ಅಂದ್ಕೊಂಡೆ.”

ಸಿದ್ದರಾಯ ನೆಲಕ್ಕೆ ಉಗುಳಿದ. “ಗೌಡನ ಸೊಸಿ ಕುಂಡ್ರೂ ಸಾಲ್ಯಾಗ ನಾ ಕುಂಡ್ರಂಗಿಲ್ಲ,” ಎಂದು ಹೊರಟು ಹೋದ. ಅವನ ಹಿಂದೆ ಅರ್ಧ ಸಾಲೆ ಹೋಯಿತು. ಧೂಳಪ್ಪ ಬಗ್ಗಿ, ಒಡೆದ ಪಾಟಿಯ ಚೂರುಗಳನ್ನು ಆರಿಸಿ, ತನ್ನ ಪಾಟಿಯನ್ನು ರೇವವ್ವನ ಮುಂದಿಟ್ಟ.

ಮಾತು ಬೆಳೆಯಿತು. ಅವಳು ವಾಡೆ ಬಿಟ್ಟು ಹೋಗದಿದ್ದರೆ ವಾಡೆಯೇ ಇರುವುದಿಲ್ಲ ಎಂದು ಸಿದ್ದರಾಯನ ಕಡೆಯವರು ಕಟ್ಟೆಯ ಮೇಲೆ ಕೂತು ಆಡತೊಡಗಿದರು. ಎಳ್ಳಮವಾಸ್ಯೆಯ ದಿನ ಊರಿಗೂರೇ ಬುತ್ತಿ ಕಟ್ಟಿಕೊಂಡು ಬೆಳೆಗೆ ಎಡೆ ಎರಚಿ ಚರಗ ಚೆಲ್ಲಲು ಹೊಲಕ್ಕೆ ಹೋಗಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಏಳೆಂಟು ಜನ ಮಾತ್ರ ಕುಡಗೋಲು, ಸೀಮೆ ಎಣ್ಣೆಯ ಡಬ್ಬಿ ಹಿಡಿದು ವಾಡೆಗೆ ಬಂದರು. ಧೂಳಪ್ಪ ಅಂದು ಹೊಲಕ್ಕೆ ಹೋಗಿರಲಿಲ್ಲ. ವಾಡೆಯ ಬಾಗಿಲಲ್ಲಿ ನಿಂತಿದ್ದ.

“ಸರಿಯೋ ಧೂಳ್ಯಾ,” ಎಂದ ಸಿದ್ದರಾಯ. “ನಿಮ್ಮವ್ವ ಸತ್ತ ಮನಿ ಇದು. ನೀನ ಕಾಯಾಕತ್ತೀಯೇನು?”

“ಒಳಗ ಮನಿಶ್ಯಾಳು ಅದಾಳ.”

“ಗೌಡನ ಸೊಸಿ ಅಕಿ!”

“ಸಿದ್ದೂ, ನಿನಗ ಕೈ ಮುಗಿತೇನಿ. ಒಂದ ಚೀಲದ ಮ್ಯಾಲ ಕುಂತೇವಿ. ನನ್ನ ಕೈ ಏಳೂಹಂಗ ಮಾಡಬ್ಯಾಡ.”

ಹಿಂದಿನಿಂದ ಯಾರೋ ಎಣ್ಣೆ ಎರಚಿ ಕಡ್ಡಿ ಗೀರಿದರು. ಬಾಗಿಲ ಪಕ್ಕದ ಕಣಿಕೆಯ ಬಣವೆ ಭಗ್ಗೆಂದಿತು. ಒಳಗೆ ರೇವವ್ವ ಕಿರುಚಿದಳು. ಒಬ್ಬ ಬೀಸಿದ ಕುಡಗೋಲು ಧೂಳಪ್ಪನ ತೊಡೆಯನ್ನು ಎಲುಬಿನತನಕ ಸೀಳಿತು. ಅವನು ಒಂದು ಮೊಣಕಾಲ ಮೇಲೆ ಬಿದ್ದು, ಎದ್ದ ರಭಸಕ್ಕೆ ಕೈಗೆ ಸಿಕ್ಕ ಅಗಳಿಯ ಮರವನ್ನು ಬೀಸಿದ. ಯಾರ ಮೇಲೆ ಬಿತ್ತೆಂದು ನೋಡಿದ್ದು ಬಿದ್ದ ಮೇಲೆಯೇ. ಸಿದ್ದರಾಯನ ದವಡೆ ಕೆಳಗಿನಿಂದ ಪೂರ್ತಿ ಒಡೆದು, ಹಲ್ಲುಗಳು ರಕ್ತದ ಜೊತೆ ಎದೆಯ ಮೇಲೆ ಸುರಿದವು. ಅದನ್ನು ನೋಡಿ ಉಳಿದವರು ಓಡಿದರು. ಧೂಳಪ್ಪ ತೆವಳುತ್ತ ಒಳಗೆ ಹೋಗಿ, ಹೊಗೆಯಲ್ಲಿ ತಡಕಿ, ರೇವವ್ವನನ್ನು ಹಿತ್ತಲ ಬಾಗಿಲಿನಿಂದ ಹೊರಗೆ ದೂಡಿದ. ವಾಡೆಯ ಮುಂಭಾಗ ಕಂಬಗಳ ಸಮೇತ ಸುಟ್ಟು ಕುಸಿಯಿತು.

ಈ ಸಲ ಪೊಲೀಸರು ಬಂದರು. ಮುಂದೆ ಕೋರ್ಟಿನಲ್ಲಿ ರೇವವ್ವ ನಡೆದದ್ದನ್ನು ನಡೆದ ಹಾಗೆ ಹೇಳಿದ್ದರಿಂದ ಧೂಳಪ್ಪನಿಗೆ ಸಣ್ಣ ಶಿಕ್ಷೆಯಲ್ಲೇ ಮುಗಿಯಿತು. ಅದೇ ಹೊತ್ತಿಗೆ ಮಾಸ್ತರನನ್ನು ಇಂಡಿ ತಾಲೂಕಿನ ಮೂಲೆಗೆ ವರ್ಗ ಮಾಡಿದರು. ಹೋಗುವ ಮುನ್ನ ಅವನು ಸಾಲೆಯ ಕೀಲಿಯನ್ನು ರೇವವ್ವನ ಕೈಗೆ ಕೊಟ್ಟು ಹೋದ. ಅವಳಿಗಾಗಲೇ ಓದು ಸರಾಗವಾಗಿತ್ತು. ಕಲಿಸಲು ಕೂತಳು. ಮೊದಲಿಗೆ ಯಾರೂ ಬರಲಿಲ್ಲ.

ಧೂಳಪ್ಪ ಬಿಡುಗಡೆಯಾಗಿ, ಕಾಲೆಳೆಯುತ್ತ ಊರಿಗೆ ಬಂದವನು ಮನೆಗೆ ಹೋಗಲಿಲ್ಲ. ನೇರ ಸಿದ್ದರಾಯನ ಮನೆಯ ಮುಂದೆ ಹೋಗಿ ನಿಂತ. ಸಿದ್ದರಾಯ ಪಡಸಾಲೆಯಲ್ಲಿ ಕೂತಿದ್ದ. ದವಡೆ ವಾಲಿ ಮುಖವೇ ಬೇರೆಯಾಗಿತ್ತು. ಅವನ ಹೆಂಡತಿ ತಿಪ್ಪವ್ವ ಅವನ ಬಾಯಿಗೆ ಅಂಬಲಿ ಹಾಕುತ್ತಿದ್ದಳು. ಧೂಳಪ್ಪನನ್ನು ನೋಡಿದ್ದೇ ಸಿದ್ದರಾಯನ ಕಣ್ಣು ಕೆಂಪಾಯಿತು. ಏನೋ ಅಂದ, ಮಾತು ತಿಳಿಯಲಿಲ್ಲ, ಬೈಗುಳ ಎಂಬುದು ತಿಳಿಯಿತು. ಆಮೇಲೆ ಗೋಡೆಯತ್ತ ತಿರುಗಿ ಕೂತ.

ಧೂಳಪ್ಪ ಅಂಗಳದ ಬಿಸಿಲಲ್ಲೇ ಕೂತ. ತಿಪ್ಪವ್ವ ಅಂಬಲಿಯ ಪಾತ್ರೆ ತೊಳೆದು, ಗಂಡನ ಎದೆ ಒರೆಸಿ, ಹೊರಗೆ ಬಂದಳು. ಅವಳ ಕೈಯಲ್ಲಿ ತಂಬಿಗೆ ಇರಲಿಲ್ಲ.

“ನಿನಗ ಈ ಮನ್ಯಾಗ ನೀರ ಕೊಡಂಗಿಲ್ಲ. ನಾ ಸಾಯುತನಾ ಕೊಡಂಗಿಲ್ಲ.”

“ಹೂಂ,” ಎಂದ ಧೂಳಪ್ಪ.

ಅವಳು ಕಂಬ ಹಿಡಿದು ನಿಂತಳು. “ದವಾಖಾನಿಯವ್ರು ಗುಳಿಗಿ ಕೊಟ್ಟಾರ. ಯಾವ್ದು ಯಾವಾಗ ಹಾಕಬೇಕು, ಚೀಟಿ ಮ್ಯಾಲ ಬರದೈತಿ. ದಿನಾ ಯಾರ್ಯಾರ್ದೋ ಮನಿಗಿ ಹೋಗಿ ಓದಸ್ಕೊಂಡು ಬರಾಕತ್ತೇನಿ.” ಗಂಡನ ಬೆನ್ನಿನ ಕಡೆ ಒಮ್ಮೆ ನೋಡಿದಳು. “ರೇವವ್ವ ಎಷ್ಟೊತ್ತಿಗೆ ಬಾಗಲಾ ತಗೀತಾಳ?”

“ದೀಪಾ ಹಚ್ಚೂ ಹೊತ್ತಿಗೆ.”

“ಬರ್ತೇನಿ. ನೀ ಬಾಗಲದಾಗ ಇರಬ್ಯಾಡ.”

ಅವಳು ಒಳಗೆ ಹೋದಳು. ಧೂಳಪ್ಪ ಕಾಲನ್ನು ಎರಡೂ ಕೈಯಿಂದ ಎತ್ತಿ ಸರಿಮಾಡಿಕೊಂಡು ಎದ್ದು, ಓಣಿಯ ಆ ತುದಿಯತ್ತ, ಸಾಲೆಯಿಂದ ದೂರಕ್ಕೆ ನಡೆದ.